ಮೂಗಿಗಿಂತ ಮೂಗುತಿ ಭಾರ: ಕ್ಯಾಂಪಿಂಗಿಗೆ ಹಳೆಯ ಪಿಕಪ್ ಸಾಕೋ, ಬೇರೆಯದು ಬೇಕೋ

ವೇಬ್ರಿಡ್ಜಿನ ಕಿಟಕಿಯಿಂದ ಚೀಟಿ ಕೈಗೆ ಬಂದಾಗ ನನಗೆ ಮೊದಲು ಅನುಮಾನ ಬಂದದ್ದು ಯಂತ್ರದ ಮೇಲೆ. 2,860 ಕಿಲೋ ಅಂತ ಅಚ್ಚಾಗಿತ್ತು. ನನ್ನ ಪಿಕಪ್ಪಿನ ಬಾಗಿಲ ಕಂಬದ ಮೇಲಿನ ತಗಡು ಹೇಳುವ ಒಟ್ಟು ತೂಕದ ಮಿತಿ 2,800. ಇನ್ನೂ ಸೌದೆ ಹೇರಿರಲಿಲ್ಲ, ಹೆಚ್ಚುವರಿ ಡೀಸೆಲ್ ಕ್ಯಾನು ತುಂಬಿರಲಿಲ್ಲ. ಆ ಹೊತ್ತಿಗೆ ನನ್ನ ತಲೆ ತಿನ್ನುತ್ತಿದ್ದುದು ಬೇರೆಯೇ ಪ್ರಶ್ನೆ: ಹದಿನಾಲ್ಕು ವರ್ಷದ ಈ ಗಾಡಿಗೆ ಹಿಂದಿನ ಕಮಾನು, ಅಂದರೆ ಪಟ್ಟಿ ಸ್ಪ್ರಿಂಗು, ಬದಲಿಸಿ, ಜೊತೆಗೆ ಅದಕ್ಕೆ ಆಸರೆಯಾಗುವ ಗಾಳಿಚೀಲ ಹಾಕಿಸಿ, ಎರಡನೇ ಬ್ಯಾಟರಿ ಕೂರಿಸಿ ಇನ್ನೈದು ವರ್ಷ ಓಡಿಸಲೋ, ಕೊಟ್ಟು ಹೊಸದು ತರಲೋ? ಆ ಚೀಟಿ ಎರಡಕ್ಕೂ ಮೊದಲು ಉತ್ತರಿಸಬೇಕಾದ ಮೂರನೇ ಪ್ರಶ್ನೆಯೊಂದನ್ನು ಮುಂದಿಟ್ಟಿತು: ಈ ಗಾಡಿ ನಿಜಕ್ಕೂ ಎಷ್ಟು ಹೊರುತ್ತಿದೆ?

ಮನೆಯಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿದಾಗ ಎಲ್ಲ ಸರಿಯಾಗೇ ಇತ್ತು. ಖಾಲಿ ಗಾಡಿ 1,840 ಕಿಲೋ. ಹೇರಲು ಉಳಿಯುವುದು 960. ಅದರಲ್ಲಿ ತೊಟ್ಟಿಯ ಮೇಲಿನ ಗಟ್ಟಿ ಮುಚ್ಚಿಗೆಗೆ (ಕ್ಯಾನೋಪಿ) 85, ಡ್ರಾಯರುಗಳಿಗೆ 75, ರೂಫ್ ಟೆಂಟು ಮತ್ತು ಅದನ್ನು ಹೊರುವ ಚೌಕಟ್ಟಿಗೆ 95, ಮುಂದಿನ ಕಬ್ಬಿಣದ ಬಂಪರ್ ಮತ್ತು ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚಿಗೆ 90, ಬ್ಯಾಟರಿಗೆ 30, ತುಂಬಿದ ಫ್ರಿಡ್ಜಿಗೆ 45, ಕ್ಯಾನು ಸಮೇತ ಅರವತ್ತು ಲೀಟರ್ ನೀರಿಗೆ 65, ಇನ್ನೊಂದು ಸ್ಟೆಪ್ನಿಗೆ 35, ಹಗ್ಗ-ಜ್ಯಾಕು-ಪಾನಾಗಳಿಗೆ 50, ಅಡುಗೆಯ ಸರಂಜಾಮಿಗೆ 60, ಹಾಸಿಗೆ-ಬಟ್ಟೆಗೆ 40, ಮೂರು ಜನಕ್ಕೆ 210. ಕೂಡಿಸಿದರೆ 880. ಇನ್ನೂ 80 ಕಿಲೋ ಕೈಯಲ್ಲಿದೆ ಅಂತ ಬೀಗಿದ್ದೆ. ತಕ್ಕಡಿಯ ಪ್ರಕಾರ ಹೇರಿದ್ದು 1,020. ನಡುವಿನ 140 ಕಿಲೋ ಎಲ್ಲಿಂದ ಬಂತು? ಹೊಟ್ಟೆಯಡಿಯ ರಕ್ಷಣಾ ತಗಡು, ಮೂಲದ್ದಕ್ಕಿಂತ ದಪ್ಪದ ಟೈರುಗಳು, ಟ್ರೇಲರ್ ಸಿಕ್ಕಿಸುವ ಟೋ ಹಿಚ್ಚು, ಕ್ಯಾನೋಪಿಯೊಳಗೆ ಹೊಡೆದ ಪ್ಲೈವುಡ್ಡು, ವರ್ಷಗಟ್ಟಲೆ ಸೀಟಿನ ಹಿಂದೆ ಸೇರಿಕೊಂಡ "ಇರಲಿ ಬಿಡು" ಸಾಮಾನು. ಒಂದೊಂದೂ ಲೆಕ್ಕಕ್ಕೆ ಬಾರದಷ್ಟು ಸಣ್ಣದು.

ಆದ್ದರಿಂದ ಕೊಳ್ಳುವ ಅಥವಾ ಕೂರಿಸುವ ಮಾತಿಗೆ ಮುಂಚೆ ಗಾಡಿಯನ್ನು ಪ್ರವಾಸಕ್ಕೆ ಹೊರಡುವ ಸ್ಥಿತಿಯಲ್ಲೇ, ಜನ ಕೂತು, ಟ್ಯಾಂಕು ತುಂಬಿ, ತೂಗಿಸಿ. ಮುಂದಿನ ಆಕ್ಸಲ್ ಒಂದು ಸಲ, ಹಿಂದಿನದು ಒಂದು ಸಲ, ಆಮೇಲೆ ಪೂರ್ತಿ. ಈ ಮೂರು ಅಂಕಿ ಕೈಯಲ್ಲಿಲ್ಲದೆ ಮಾಡುವ ಹೋಲಿಕೆ ಬರೀ ಹರಟೆ. ಇನ್ನೊಂದು ಮಾತು: ಕಂಪನಿಗಳು ಕೊಡುವ ಖಾಲಿ ತೂಕದ ಅಂಕಿ ಎಲ್ಲ ಕಡೆ ಒಂದೇ ಅರ್ಥದ್ದಲ್ಲ. ಯುರೋಪಿನ ಅಳತೆಯಲ್ಲಿ 75 ಕಿಲೋದ ಚಾಲಕನೂ ಮುಕ್ಕಾಲಿಗೂ ಮೀರಿ ತುಂಬಿದ ಟ್ಯಾಂಕೂ ಸೇರಿರುತ್ತದೆ. ಬೇರೆ ಕಡೆ ಚಾಲಕನನ್ನು ಸೇರಿಸುವುದಿಲ್ಲ. ಎರಡು ಬ್ರೋಷರ್ ಪಕ್ಕಪಕ್ಕ ಇಟ್ಟು ಕಳೆದು ಕೂಡುವಾಗ ಇದು ನೆನಪಿರಲಿ.

ಬೋಲ್ಟು ಹಾಕಿ ಬಿಗಿಯಬಹುದಾದದ್ದು, ಬಿಗಿಯಲಾಗದ್ದು

ಜನ ಹಳೆಯ ಗಾಡಿಯನ್ನು ಎಂಜಿನ್ ನೋಡಿ ಅಳೆಯುತ್ತಾರೆ, ಹೊಸ ಗಾಡಿಯನ್ನು ಡ್ಯಾಶ್‌ಬೋರ್ಡ್ ನೋಡಿ. ಎರಡೂ ಕ್ಯಾಂಪಿಂಗಿಗೆ ಅಷ್ಟಾಗಿ ಸಂಬಂಧಪಟ್ಟದ್ದಲ್ಲ. ಎಂಜಿನ್ ಬಿಚ್ಚಬಹುದು, ಬದಲಿಸಬಹುದು. ಗೇರ್‌ಬಾಕ್ಸೂ ಹಾಗೆಯೇ. ಸಸ್ಪೆನ್ಷನ್, ಟೈರು, ದೀಪ, ಸೀಟು, ಬ್ಯಾಟರಿ, ಟೆಂಟು, ಫ್ರಿಡ್ಜು, ಇವೆಲ್ಲ ಬೋಲ್ಟಿನ ಮಾತು. ಬೋಲ್ಟಿನಿಂದ ಬರದ ನಾಲ್ಕು ಸಂಗತಿಗಳಿವೆ: ಚಾಸಿಯ ಆರೋಗ್ಯ, ಕಾನೂನು ಒಪ್ಪುವ ಒಟ್ಟು ತೂಕ, ಅಪಘಾತದ ಕ್ಷಣದಲ್ಲಿ ಕಾಪಾಡುವ ವ್ಯವಸ್ಥೆ, ಕ್ಯಾಬಿನ್ನು ಮತ್ತು ತೊಟ್ಟಿಯ ಅಳತೆ. ಈ ನಾಲ್ಕರಲ್ಲಿ ಒಂದು ಕೈಕೊಟ್ಟಿದ್ದರೂ ಹಳೆಯ ಗಾಡಿಯ ಮೇಲೆ ದುಡ್ಡು ಸುರಿಯಬೇಡಿ. ನಾಲ್ಕೂ ಗಟ್ಟಿಯಾಗಿದ್ದರೆ, ಹೊಸ ಗಾಡಿಯ ಆಸೆಗೆ ಇನ್ನೇನೋ ಕಾರಣ ಇರಬೇಕು. ಇದ್ದರೆ ತಪ್ಪೇನಿಲ್ಲ, ಆದರೆ ಅದಕ್ಕೆ ಕ್ಯಾಂಪಿಂಗಿನ ಹೆಸರು ಕೊಡುವುದು ಬೇಡ.

ಚಾಸಿ: ಒಂದು ಸುತ್ತಿಗೆ, ಒಂದು ಟಾರ್ಚು

ಮೇಲೆ ಥಳಕು ಒಳಗೆ ಹುಳುಕು ಅನ್ನುವ ಗಾದೆ ಹುಟ್ಟಿದ್ದು ಪಿಕಪ್ಪಿನ ಚಾಸಿ ನೋಡಿಯೇ ಇರಬೇಕು. ಮೇಲಿನ ಬಾಡಿ ಪಾಲಿಶ್ ಹೊಡೆದು ಮಿಂಚುತ್ತಿದ್ದರೂ ಏಣಿಯಂಥ ಚೌಕಟ್ಟು ಒಳಗಿನಿಂದ ಕೊಳೆತಿರಬಹುದು, ಏಕೆಂದರೆ ಅದರ ಉದ್ದದ ಎರಡು ತೊಲೆಗಳು ಬಹುತೇಕ ಟೊಳ್ಳು ಪೆಟ್ಟಿಗೆಗಳು. ಕೆಸರು, ಉಪ್ಪು, ನೀರು ತೂತುಗಳಿಂದ ಒಳಹೊಕ್ಕು ತಳದಲ್ಲಿ ಕೂರುತ್ತವೆ. ಹೊರಗಿನ ಬಣ್ಣ ಹಾಗೇ ಇರುತ್ತದೆ. ಸಮುದ್ರದಂಡೆಯ ಮರಳಿನಲ್ಲಿ ಓಡಿದ ಗಾಡಿ, ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಸೀಮೆಯ ಗಾಡಿ, ದೋಣಿಯ ಟ್ರೇಲರನ್ನು ನೀರಿಗಿಳಿಸಿದ ಗಾಡಿ, ಈ ಮೂರನ್ನೂ ಮೊದಲೇ ಅನುಮಾನದಿಂದ ನೋಡಿ.

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ (ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಗ್ಗಬೇಡಿ), ಕನ್ನಡಕ ಹಾಕಿಕೊಂಡು ಮಲಗಿ. ಸಣ್ಣ ಸುತ್ತಿಗೆಯಿಂದ ತೊಲೆಯುದ್ದಕ್ಕೂ ಗೇಣಿಗೊಂದು ಕಡೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಕೊಳೆತ ಕಡೆ ಸದ್ದು ಮಂಕಾಗಿ ಬಿದ್ದುಹೋಗುತ್ತದೆ, ಮುಖದ ಮೇಲೆ ಕಂದು ಹಪ್ಪಳದ ಚೂರುಗಳು ಉದುರುತ್ತವೆ. ಹಿಂದಿನ ಕಮಾನನ್ನು ಚಾಸಿಗೆ ಜೋಡಿಸುವ ಕುಂಡಲಗಳ ಸುತ್ತ, ಹಿಂದಿನ ಆಕ್ಸಲ್ಲಿನ ಮೇಲೆ ತೊಲೆ ಬಾಗಿ ಏರುವ ಜಾಗ, ಡೀಸೆಲ್ ಟ್ಯಾಂಕಿನ ಮರೆ, ಕ್ಯಾಬಿನ್ ಕೂರುವ ರಬ್ಬರ್ ಮೌಂಟುಗಳ ಕೆಳಗೆ ಎರಡೆರಡು ಸಲ ತಟ್ಟಿ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಹೋಯಿತೋ, ಅಲ್ಲಿಗೆ ಈ ಲೇಖನದ ಅರ್ಧ ನಿಮಗೆ ಬೇಡ. ಬ್ರೇಕಿನ ಕಬ್ಬಿಣದ ಪೈಪುಗಳನ್ನೂ ಬೆರಳಿನಿಂದ ಸವರಿ ನೋಡಿ; ಉಬ್ಬಿ ಒರಟಾಗಿದ್ದರೆ ಅದು ಈ ವಾರದ ಕೆಲಸ.

ತುಕ್ಕಿಗಿಂತ ಕಳ್ಳತನದ್ದು ಬಿರುಕು. ಭಾರ ಹೊತ್ತು ಗುಂಡಿಯಲ್ಲಿ ಕುಪ್ಪಳಿಸಿದ ಚಾಸಿ ಒಂದೇ ದಿನ ಮುರಿಯುವುದಿಲ್ಲ. ವೆಲ್ಡಿಂಗಿನ ಅಂಚಿನಲ್ಲಿ, ಯಾರೋ ಆಮೇಲೆ ಕೊರೆದ ತೂತಿನ ಬದಿಯಲ್ಲಿ ಕೂದಲೆಳೆಯಷ್ಟು ಗೀರಾಗಿ ಶುರುವಾಗುತ್ತದೆ. ಆ ಗೀರಿನಿಂದ ತುಕ್ಕಿನ ನೀರು ಸೋರಿ ಬಣ್ಣದ ಮೇಲೆ ಕಂದು ರೇಖೆ ಮೂಡಿರುತ್ತದೆ, ಅದೇ ಅದರ ಗುರುತು. ಇದಕ್ಕಿಂತ ಸುಲಭದ ಪರೀಕ್ಷೆ ನಿಂತಲ್ಲೇ ಆಗುತ್ತದೆ. ಗಾಡಿಯ ಪಕ್ಕ ಹತ್ತು ಹೆಜ್ಜೆ ದೂರ ನಿಂತು ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದಿ ನೋಡಿ. ಮೇಲಿಂದ ಕೆಳಗೆ ಒಂದೇ ಅಗಲವಿರಬೇಕು. ಮೇಲ್ಗಡೆ ಅಗಲ, ಕೆಳಗೆ ಕಿರಿದು ಕಂಡರೆ ತೊಲೆ ಕ್ಯಾಬಿನ್ನಿನ ಹಿಂದೆ ಬಾಗಿ ಬಾಲ ಇಳಿಸಿರುವ ಸಾಧ್ಯತೆ ಇದೆ. ಕೊಳ್ಳಲು ಹೋದ ಸೆಕೆಂಡ್ ಹ್ಯಾಂಡ್ ಗಾಡಿಗೂ ಇದೇ ಕಣ್ಣು.

ಚೆನ್ನಾಗಿರುವ ಚಾಸಿಯ ಒಂದೆರಡು ಕಡೆ ತುಕ್ಕು ಹತ್ತಿದ್ದರೆ ಕೆರೆದು, ತಟಸ್ಥಗೊಳಿಸಿ, ಟೊಳ್ಳಿನೊಳಗೆ ಮೇಣದಂಥ ಲೇಪ ಸಿಂಪಡಿಸಿ ವರ್ಷಗಟ್ಟಲೆ ಓಡಿಸಬಹುದು. ಅದು ಅಪ್‌ಗ್ರೇಡಿನ ಪಟ್ಟಿಯಲ್ಲಿ ಯಾರೂ ಬರೆಯದ, ಆದರೆ ಮೊದಲು ಮಾಡಬೇಕಾದ ಕೆಲಸ. ಕಮಾನಿನ ಕುಂಡಲದ ಸುತ್ತಲೇ ತೂತು ಬಿದ್ದಿದ್ದರೆ ತೇಪೆ ಹಾಕುವವರು ಸಿಗುತ್ತಾರೆ, ನಾನು ಹಾಕಿಸಲಾರೆ.

ಕಮಾನು ಬದಲಿಸಿದರೆ ಮಿತಿ ಏರುತ್ತದೆಯೇ?

ಏರುವುದಿಲ್ಲ. ಕ್ಯಾಂಪಿಂಗ್ ಗಾಡಿಗಳ ವಿಷಯದಲ್ಲಿ ಇಷ್ಟು ಹಬ್ಬಿರುವ ಇನ್ನೊಂದು ತಪ್ಪು ತಿಳಿವಳಿಕೆ ನಾನು ಕಂಡಿಲ್ಲ. ದಪ್ಪ ಕಮಾನು ಹಾಕಿದರೆ, ಗಾಳಿಚೀಲ ಊದಿದರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ನೋಡಲು ಸಮ ಆಗುತ್ತದೆ. ಆಕ್ಸಲ್ಲು, ಬೇರಿಂಗು, ಬ್ರೇಕು, ಚಾಸಿ, ಟೈರು ಮಾತ್ರ ಅವೇ. ಕೆಲವು ದೇಶಗಳಲ್ಲಿ ಪ್ರಮಾಣಿತ ಕಿಟ್ ಹಾಕಿಸಿ, ಪರೀಕ್ಷೆ ಮಾಡಿಸಿ, ಒಟ್ಟು ತೂಕದ ಮಿತಿಯನ್ನು ಕಾಗದದ ಮೇಲೆ ಏರಿಸಿಕೊಳ್ಳುವ ದಾರಿ ಇದೆ. ಆ ಕಾಗದ ಇಲ್ಲದಿದ್ದರೆ ತಗಡಿನ ಮೇಲಿನ ಅಂಕಿಯೇ ಅಂಕಿ. ವಿಮೆಯವರು ಅಪಘಾತದ ಮರುದಿನ ನೋಡುವುದೂ ಅದನ್ನೇ.

ಗಾಳಿಚೀಲದ ಅಪಾಯ ಇನ್ನೂ ಒಂದು ಕೈ ಮೇಲು. ಕಮಾನು ಭಾರವನ್ನು ಚಾಸಿಯ ಎರಡು ಕಡೆ, ತನ್ನ ಮುಂದಿನ ಮತ್ತು ಹಿಂದಿನ ಕೊನೆಗಳಲ್ಲಿ ಹಂಚುತ್ತದೆ. ಆಕ್ಸಲ್ಲಿನ ಮೇಲೆ ಕೂತ ಗಾಳಿಚೀಲ ಆ ಹೊರೆಯ ಒಂದು ಪಾಲನ್ನು ಕಸಿದುಕೊಂಡು ನಡುವಿನ ಒಂದೇ ಬಿಂದುವಿನಲ್ಲಿ ಚಾಸಿಯನ್ನು ಒತ್ತುತ್ತದೆ. ಬಾಲದಲ್ಲಿ ಭಾರವೂ ಇದ್ದು, ಗುಂಡಿಯೂ ಸಿಕ್ಕಿದರೆ ಆ ಬಿಂದುವಿನ ಸುತ್ತ ತೊಲೆ ಬಾಗುತ್ತದೆ. ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಸೀಟಿನ, ಪಿಕಪ್ಪುಗಳ ನಡು ಮುರಿದ ಚಿತ್ರಗಳಲ್ಲಿ ಈ ಜೋಡಿ ಮತ್ತೆ ಮತ್ತೆ ಕಾಣುತ್ತದೆ.

ಬಾಲದ ಭಾರ ಏಕೆ ಅಷ್ಟು ಕೆಟ್ಟದ್ದು? ಲೆಕ್ಕ ಮಕ್ಕಳ ಏತಪಾತದ್ದು. ಎರಡು ಆಕ್ಸಲ್ಲುಗಳ ನಡುವೆ 3 ಮೀಟರ್ ಇದೆ ಅನ್ನಿ. ಹಿಂದಿನ ಆಕ್ಸಲ್ಲಿನಿಂದ 1 ಮೀಟರ್ ಹಿಂದೆ 100 ಕಿಲೋ ಇಟ್ಟರೆ ಹಿಂದಿನ ಆಕ್ಸಲ್ಲಿಗೆ ಬೀಳುವುದು 100 ಅಲ್ಲ, 133. ಮುಂದಿನ ಚಕ್ರಗಳಿಂದ 33 ಕಿಲೋ ಎದ್ದುಹೋಗುತ್ತದೆ. ಸ್ಟೀರಿಂಗು ಹಗುರಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ಕುಗ್ಗುತ್ತದೆ, ರಾತ್ರಿ ದೀಪ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಡಬಲ್ ಕ್ಯಾಬ್ ಗಾಡಿಯ ತೊಟ್ಟಿಯ ಹಿಂದಿನ ಅರ್ಧ ಆಕ್ಸಲ್ಲಿನಾಚೆಯೇ ಇರುವುದರಿಂದ, ಫ್ರಿಡ್ಜು, ನೀರು, ಡ್ರಾಯರು ಎಲ್ಲ ಅಲ್ಲಿಗೇ ಹೋಗಿ ಸೇರುತ್ತವೆ. ನೀರಿನ ಕ್ಯಾನುಗಳನ್ನು ಕ್ಯಾಬಿನ್ನಿಗೆ ತಾಗಿಸಿ, ತಳದಲ್ಲಿ ಇಡುವುದು ಚಿಕ್ಕಾಸಿನ ಖರ್ಚಿಲ್ಲದ ಅಪ್‌ಗ್ರೇಡು.

ಬೇರೆ ಗಾಡಿ ತಂದರೆ ಪೇಲೋಡ್, ಅಂದರೆ ಹೇರಬಹುದಾದ ತೂಕ, ತಾನಾಗಿ ಹೆಚ್ಚುತ್ತದೆ ಎಂದೂ ತಿಳಿಯಬೇಡಿ. ಹೊಸ ಗಾಡಿಗಳು ಹಳೆಯವಕ್ಕಿಂತ ದೊಡ್ಡವು, ಭಾರದವು. ಒಂದೇ ಮಾದರಿಯಲ್ಲೂ ಚರ್ಮದ ಸೀಟು, ಸನ್‌ರೂಫು, ದೊಡ್ಡ ಚಕ್ರ, ವಿದ್ಯುತ್ ಬಾಗಿಲಿನ ಮೇಲ್ದರ್ಜೆಯ ಗಾಡಿಯ ಪೇಲೋಡ್ ಸರಳ ಗಾಡಿಗಿಂತ ಕಡಿಮೆ ಇರುವುದೇ ಹೆಚ್ಚು. ಮಾರುವವನು ಎಳೆಯುವ ಸಾಮರ್ಥ್ಯದ ಟನ್ನುಗಳನ್ನು ದೊಡ್ಡಕ್ಷರದಲ್ಲಿ ತೋರಿಸುತ್ತಾನೆ. ನೀವು ಕೇಳಬೇಕಾದ್ದು ಇದೇ ಗಾಡಿಯ, ಇದೇ ದರ್ಜೆಯ ಬಾಗಿಲ ಕಂಬದ ತಗಡಿನ ಅಂಕಿ.

ಎಂಜಿನ್, ಗೇರ್‌ಬಾಕ್ಸ್

ಇಲ್ಲಿ ಬೇಗ ಮುಗಿಸುತ್ತೇನೆ, ಏಕೆಂದರೆ ಇದನ್ನು ಪರೀಕ್ಷೆ ಮಾಡಲು ಬರುತ್ತದೆ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರುಗಳ ನಡುವೆ ದೊಡ್ಡ ಅಂತರ ಇಲ್ಲ, ಕೂಲೆಂಟಿನಲ್ಲಿ ಎಣ್ಣೆ ಇಲ್ಲ, ಎಣ್ಣೆ ತುಂಬುವ ಮುಚ್ಚಳ ತೆಗೆದರೆ ಬುಸುಗುಟ್ಟುವ ಹೊಗೆ ಇಲ್ಲ, ಎತ್ತರದ ಏರಿನಲ್ಲಿ ಬಿಸಿಯ ಮುಳ್ಳು ಅಲುಗುವುದಿಲ್ಲ ಎಂದಾದರೆ ಮೂರು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಎಂಜಿನ್ನಿಗೂ ಹೆದರಬೇಕಿಲ್ಲ. ಟೈಮಿಂಗ್ ಬೆಲ್ಟಿನ ಎಂಜಿನ್ನಾದರೆ ಬೆಲ್ಟು ಯಾವಾಗ ಬದಲಾಯಿತು ಎನ್ನುವ ಚೀಟಿ ಬೇಕು. ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ಹಿಡಿಯಿರಿ. ಕಾಡಿನಲ್ಲಿ ಗಾಡಿ ನಿಲ್ಲಿಸುವುದು ಹೆಚ್ಚಾಗಿ ಪಿಸ್ಟನ್ನಲ್ಲ. ರೇಡಿಯೇಟರಿನ ಪ್ಲಾಸ್ಟಿಕ್ ಅಂಚು, ಹಳೆಯ ಹೋಸು, ವಾಟರ್ ಪಂಪು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರು, ಇವು. ಇವಿಷ್ಟನ್ನೂ ಒಟ್ಟಿಗೆ ಹೊಸದು ಹಾಕಿಸಿದರೆ ಹಳೆಯ ಗಾಡಿಯ ಮೇಲಿನ ಭರವಸೆ ಒಂದೇ ಸಲ ಮರಳುತ್ತದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸು ಜಾರುತ್ತಿದ್ದರೆ, ಅದೇ ಹೊತ್ತಿಗೆ ಎಂಜಿನ್ನೂ ಕೆಲಸ ಕೇಳುತ್ತಿದ್ದರೆ ಮಾತು ಬೇರೆ. ಎರಡರಲ್ಲಿ ಒಂದನ್ನು ತಡೆದುಕೊಳ್ಳಬಹುದು, ಎರಡನ್ನೂ ಅಲ್ಲ.

ಆ ಒಂದು ಕ್ಷಣದಲ್ಲಿ

ಹಳೆಯ ಗಾಡಿಯ ಪರ ನಾನು ಎಷ್ಟೇ ಮಾತಾಡಿದರೂ ಸುಮ್ಮನಾಗುವ ಜಾಗ ಒಂದಿದೆ. ಭಾರ ಹೊತ್ತ, ಎತ್ತರದ ಗಾಡಿ ತಿರುವಿನಲ್ಲಿ ಜಾರಿದರೆ ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕು ಹಾಕಿ ನೆಟ್ಟಗೆ ಮಾಡುವ ವ್ಯವಸ್ಥೆ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲು, ಹಳೆಯ ಪಿಕಪ್ಪುಗಳಲ್ಲಿ ಬಹುತೇಕ ಇಲ್ಲ. ಅಮೆರಿಕದಲ್ಲಿ ಅದು 2012ರ ಮಾದರಿಯ ಲಘು ವಾಹನಗಳಿಂದ, ಯುರೋಪಿನಲ್ಲಿ ಎಲ್ಲ ಹೊಸ ವಾಹನಗಳಿಗೆ 2014ರ ನವೆಂಬರಿನಿಂದ ಕಡ್ಡಾಯವಾಯಿತು. ಇದನ್ನು ಅಂಗಡಿಯಲ್ಲಿ ಕೊಂಡು ಹಳೆಯ ಗಾಡಿಗೆ ಕೂರಿಸಲಾಗದು. ಪಕ್ಕದ ಏರ್‌ಬ್ಯಾಗೂ ಅಷ್ಟೇ, ಡಿಕ್ಕಿಯಲ್ಲಿ ಮುದುಡದೆ ನಿಲ್ಲುವ ಕ್ಯಾಬಿನ್ನೂ ಅಷ್ಟೇ. ಹಿಂದಿನ ಸೀಟಿನ ನಡುವೆ ಬರೀ ಸೊಂಟದ ಬೆಲ್ಟಿದ್ದು, ಅಲ್ಲಿ ಮಗು ಕೂರುತ್ತದೆ ಎಂದಾದರೆ ನನ್ನ ಪ್ರಕಾರ ಹೋಲಿಕೆ ಅಲ್ಲಿಗೇ ಮುಗಿಯಿತು. ಒಬ್ಬರೇ ನಿಧಾನಕ್ಕೆ ಮಣ್ಣುದಾರಿಯಲ್ಲಿ ಸುತ್ತುವವರ ಲೆಕ್ಕ ಬೇರೆ. ಹೆದ್ದಾರಿಯಲ್ಲಿ ಇಡೀ ದಿನ ಓಡಿಸಿ ಕಾಡು ಸೇರುವವರದು ಬೇರೆ. ವೇಗ ಗಂಟೆಗೆ 60ರಿಂದ 80ಕ್ಕೆ ಏರಿದರೆ ಬ್ರೇಕು ಅರಗಿಸಬೇಕಾದ ಶಕ್ತಿ ಸುಮಾರು 1.8 ಪಟ್ಟಾಗುತ್ತದೆ.

ಬ್ರೇಕು ಮಾತ್ರ ಸುಧಾರಿಸಲು ಬರುವಂಥದ್ದು, ಅದರಲ್ಲೂ ಅಗ್ಗದ ಭಾಗ ಬ್ರೇಕ್ ಆಯಿಲ್ಲು. ಡಾಟ್ 4 ದರ್ಜೆಯ ಹೊಸ ಆಯಿಲ್ಲು 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದು ಎನ್ನುವುದು ನಿಯಮ. ನೀರು ಹೀರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಪೆಡಲ್ಲು ಹತ್ತಿಯಂತೆ ಮೆತ್ತಗಾಗುವುದು ಈ ಕುದಿತದಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಮಲಗುವ ಅಳತೆ

ಸಾಧಾರಣ ಗಾತ್ರದ ಡಬಲ್ ಕ್ಯಾಬ್ ಪಿಕಪ್ಪಿನ ತೊಟ್ಟಿ ಸುಮಾರು ಒಂದೂವರೆ ಮೀಟರ್ ಉದ್ದ. ಹಿಂದಿನ ಬಾಗಿಲು ಮುಚ್ಚಿ ಅಲ್ಲಿ ಕಾಲು ಚಾಚಿ ಮಲಗುವುದು ದೊಡ್ಡವರಿಗೆ ಆಗದ ಮಾತು. ಒಂದೂವರೆ ಕ್ಯಾಬಿನ್ನಿನದು ಸುಮಾರು 1.8 ಮೀಟರ್, ಸಿಂಗಲ್ ಕ್ಯಾಬಿನದು 2.3ರ ಆಸುಪಾಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಿ. ಡಬಲ್ ಕ್ಯಾಬಿನವರು ಟೆಂಟನ್ನು ಮೇಲೇರಿಸುವುದು ಈ ಅಳತೆಯ ದೆಸೆಯಿಂದ. ಮಕ್ಕಳು ಬೆಳೆದು ಈಗ ಇಬ್ಬರೇ ಹೋಗುವುದಾದರೆ, ಹೊಸ ಡಬಲ್ ಕ್ಯಾಬಿಗಿಂತ ಉದ್ದ ತೊಟ್ಟಿಯ ಹಳೆಯ ಗಾಡಿ ಒಳ್ಳೆಯ ಮಲಗುವ ಮನೆ. ಬದಲಿಸುವುದು ಅಂದರೆ ಹೊಸದಕ್ಕೆ ಹೋಗುವುದು ಎಂದೇ ಅರ್ಥವಲ್ಲ, ಆಕಾರ ಬದಲಿಸುವುದೂ ಆಗಬಹುದು.

ಹೊಸ ಗಾಡಿ ತರುವ ಹೊಸ ತಲೆನೋವು

ಹೊಸ ಡೀಸೆಲ್ಲುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಅದು ತುಂಬಿದಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುತ್ತದೆ, ಅದಕ್ಕೆ ಒಂದಿಷ್ಟು ಹೊತ್ತು ಒಂದೇ ಸಮನೆಯ ಓಟ ಬೇಕು. ವಾರವೆಲ್ಲ ಎರಡೆರಡು ಕಿಲೋಮೀಟರ್ ಓಡಿ ವಾರಾಂತ್ಯಕ್ಕೆ ಕಾಡಿಗೆ ಹೋಗುವ ಗಾಡಿಗೆ ಇದು ಒಗ್ಗದು. ಆ ಬಿಸಿಯ ಹೊತ್ತಿನಲ್ಲಿ ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತುವ ಭಯ ನಿಜವಾದದ್ದು. ಇದರ ಮೇಲೆ ಹಲವು ಗಾಡಿಗಳಿಗೆ ಹೊಗೆ ಶುಚಿ ಮಾಡುವ ಯೂರಿಯಾ ದ್ರವವೂ ಬೇಕು. ದೂರದ ದಾರಿಯಲ್ಲಿ ಅದೂ ಒಂದು ಕ್ಯಾನು, ಅದೂ ಒಂದು ತೂಕ. ಹಳೆಯ ಡೀಸೆಲ್ಲು ಇದ್ಯಾವ ಗೋಜಿಲ್ಲದೆ ಓಡುತ್ತದೆ, ಆ ಮಸಿಯನ್ನು ಹಿಂದಿನವರ ಮೂಗಿಗೆ ಬಿಡುತ್ತದೆ ಎನ್ನುವುದನ್ನೂ ಹೇಳಬೇಕು. ಕೆಲವು ನಗರಗಳು ಅಂಥ ಗಾಡಿಯನ್ನು ಒಳಗೇ ಬಿಡುವುದಿಲ್ಲ, ನಿಮ್ಮ ದಾರಿಯಲ್ಲಿ ಅಂಥ ನಗರವಿದ್ದರೆ ಅದೂ ತಕ್ಕಡಿಗೆ.

ಇನ್ನೊಂದು ಆಲ್ಟರ್ನೇಟರಿನ ವಿಷಯ. ಹಳೆಯ ಗಾಡಿಯದು ಎಂಜಿನ್ ಓಡುವಷ್ಟು ಹೊತ್ತೂ 14 ವೋಲ್ಟಿನ ಸುತ್ತ ಒಂದೇ ಸಮ ಕೊಡುತ್ತದೆ. ನಡುವೆ ಒಂದು ರಿಲೇ (ತಾನಾಗಿ ಸೇರಿಸಿ ಬಿಡಿಸುವ ಸ್ವಿಚ್ಚು) ಹಾಕಿದರೆ ಎರಡನೇ ಸೀಸದ ಬ್ಯಾಟರಿ ಚಾರ್ಜಾಗುತ್ತದೆ. ಹೊಸ ಗಾಡಿಯದು ಇಂಧನ ಉಳಿಸಲು ವೋಲ್ಟೇಜನ್ನು ಏರಿಸಿ ಇಳಿಸಿ ಆಡಿಸುತ್ತದೆ. ಅಲ್ಲಿ ಆ ಏರಿಳಿತವನ್ನು ಸಮ ಮಾಡಿಕೊಡುವ ಡಿಸಿ-ಡಿಸಿ ಚಾರ್ಜರ್ ಇಲ್ಲದೆ ಎರಡನೇ ಬ್ಯಾಟರಿ ಸದಾ ಅರೆಹೊಟ್ಟೆ. ಲಿಥಿಯಂ ಬ್ಯಾಟರಿಗೆ ಎರಡೂ ಗಾಡಿಯಲ್ಲಿ ಆ ಚಾರ್ಜರ್ ಇರುವುದೇ ಕ್ಷೇಮ. ಮುಂದಿನ ಬಂಪರಿನಲ್ಲಿ ರೇಡಾರು, ಗಾಜಿನ ಹಿಂದೆ ಕ್ಯಾಮೆರಾ ಇರುವ ಗಾಡಿಗೆ ಕಬ್ಬಿಣದ ಬಂಪರ್ ಹಾಕಿದರೆ, ಎತ್ತರ ಹೆಚ್ಚಿಸಿದರೆ ಅವನ್ನು ಮತ್ತೆ ಹೊಂದಿಸಬೇಕು.

ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಹೊಸ ಗಾಡಿ ಬಂದ ಮೊದಲ ಮೂರು ತಿಂಗಳಲ್ಲೇ ಎಲ್ಲವನ್ನೂ ಕೂರಿಸುವ ಉಮೇದು ಬರುತ್ತದೆ. ಒಂದು ಪ್ರವಾಸ ಬರೀ ಗಾಡಿ, ನೆಲದ ಟೆಂಟು, ಒಂದು ಡಬ್ಬಿ ಅಷ್ಟರಲ್ಲೇ ಮಾಡಿ ಬನ್ನಿ. ಏನು ಬೇಕೆನ್ನುವುದು ಕೆಸರಿನಲ್ಲಿ ತಾನಾಗಿ ಗೊತ್ತಾಗುತ್ತದೆ. ಬೇರೆಯವರು ಸಜ್ಜುಗೊಳಿಸಿದ ಸೆಕೆಂಡ್ ಹ್ಯಾಂಡ್ ಗಾಡಿಯ ಬಗ್ಗೆ ಒಂದೇ ಮಾತು: ಬಾನೆಟ್ ಎತ್ತಿ ವೈರಿಂಗ್ ನೋಡಿ. ಫ್ಯೂಸಿಲ್ಲದೆ ಬ್ಯಾಟರಿಯಿಂದ ನೇರ ಹೊರಟ ದಪ್ಪ ವೈರು, ಟೇಪು ಸುತ್ತಿದ ಗುಬ್ಬಿಗೂಡು ಕಂಡರೆ ನಾನಾದರೆ ನಮಸ್ಕಾರ ಹೇಳಿ ಬರುತ್ತೇನೆ.

ಉಳಿಸಿಕೊಳ್ಳುವುದಾದರೆ ಯಾವುದು ಮೊದಲು

ಮೊದಲು ಟೈರು. ಟೈರಿನ ಬದಿಯಲ್ಲಿ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ; 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಹುಟ್ಟಿದ್ದು. ಹಲ್ಲು ಚೆನ್ನಾಗಿದ್ದರೂ ವಯಸ್ಸು ಟೈರನ್ನು ತಿನ್ನುತ್ತದೆ. ಆರು ವರ್ಷ ದಾಟಿದ್ದನ್ನು ವರ್ಷವರ್ಷ ಪರೀಕ್ಷಿಸಿ, ಹತ್ತು ದಾಟಿದ್ದನ್ನು ಭಾರಕ್ಕೆ ಕಟ್ಟಬೇಡಿ. ಅಲ್ಲೇ ಹೊರೆಯ ಸೂಚ್ಯಂಕವೂ ಇದೆ: 113 ಅಂದರೆ ಒಂದು ಟೈರು 1,150 ಕಿಲೋ ಹೊರುತ್ತದೆ, 121 ಅಂದರೆ 1,450. ದೊಡ್ಡ ಟೈರಿನ ಮೋಹವನ್ನು ಸ್ವಲ್ಪ ಹಿಡಿದಿಡಿ. 76 ಸೆಂಟಿಮೀಟರ್ ವ್ಯಾಸದ ಜಾಗಕ್ಕೆ 81ರದು ಹಾಕಿದರೆ ಮೀಟರು 100 ತೋರಿಸುವಾಗ ಗಾಡಿ ಸುಮಾರು 107ರಲ್ಲಿ ಓಡುತ್ತಿರುತ್ತದೆ. ಮೊದಲೇ ಏದುಸಿರು ಬಿಡುವ ಹಳೆಯ ಎಂಜಿನ್ನಿಗೆ ಎಲ್ಲ ಗೇರೂ ಒಂದಿಷ್ಟು ಭಾರ.

ಆಮೇಲೆ ಬ್ರೇಕು, ರಬ್ಬರ್ ಬುಷ್ಷುಗಳು, ಬಾಲ್ ಜಾಯಿಂಟು, ಶಾಕು. ಆಮೇಲೆ ಕೂಲಿಂಗು. ಕಮಾನು ಬದಲಿಸುವುದಾದರೆ ನೀವು ಸದಾ ಹೊರುವ ತೂಕಕ್ಕೆ ತಕ್ಕದ್ದು. ವರ್ಷಕ್ಕೆ ನಾಲ್ಕು ಸಲ ಹೊರುವ ಗರಿಷ್ಠಕ್ಕೆ ಹಾಕಿಸಿದರೆ ಉಳಿದ ದಿನ ಖಾಲಿ ಗಾಡಿಯಲ್ಲಿ ಬೆನ್ನುಹುರಿ ಲೆಕ್ಕ ಕೊಡಬೇಕು. ಕ್ಯಾಂಪಿನ ಸಾಮಾನು ಎಲ್ಲಕ್ಕಿಂತ ಕೊನೆಗೆ. ಬಹುತೇಕರು ಇದನ್ನು ಉಲ್ಟಾ ಮಾಡುತ್ತಾರೆ, ನಾನೂ ಮಾಡಿದ್ದೆ. ಸವೆದ ಬಾಲ್ ಜಾಯಿಂಟಿನ ಗಾಡಿಯ ಮೇಲೆ ಹೊಳೆಯುವ ಟೆಂಟು ಏರಿಸಿಕೊಂಡು ತಿರುಗಿದ್ದೆ.

ಹಾಗೆ ಕೊಳ್ಳುವ ಸಾಮಾನು ಬಿಚ್ಚಿ ಇನ್ನೊಂದು ಗಾಡಿಗೆ ಹೋಗುವಂತಿರಲಿ. ತೊಟ್ಟಿಯ ಅಳತೆಗೇ ಕೊರೆದ ಕ್ಯಾನೋಪಿ ಈ ಗಾಡಿಯ ಜೊತೆಗೇ ಹೋಗುತ್ತದೆ; ಪೆಟ್ಟಿಗೆಯಲ್ಲಿ ಕೂರಿಸಿದ ಬ್ಯಾಟರಿ ನಿಮ್ಮ ಜೊತೆ ಬರುತ್ತದೆ. 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿ ಹನ್ನೆರಡು ಕಿಲೋ ಆಸುಪಾಸು, ಅಷ್ಟೇ ಅಂಕಿಯ ಸೀಸದ್ದು ಮೂವತ್ತರ ಹತ್ತಿರ. ಸೀಸದ್ದನ್ನು ಅರ್ಧಕ್ಕಿಂತ ಕೆಳಗೆ ಬತ್ತಿಸಿದರೆ ಆಯುಸ್ಸು ಬೇಗ ತೀರುತ್ತದೆ, ಲಿಥಿಯಂ ಅನ್ನು ಬಹುತೇಕ ಪೂರ್ತಿ ಬಳಸಬಹುದು. ಬಿಸಿ ವಾತಾವರಣದಲ್ಲಿ ಒಂದು ಫ್ರಿಡ್ಜು ದಿನಕ್ಕೆ 30ರಿಂದ 50 ಆಂಪಿಯರ್-ಅವರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ, ಒಂದು ಪೆಟ್ಟಿಗೆಯಲ್ಲಿ ಎರಡು ದಿನ. ಒಂದು ಎಚ್ಚರ: ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು.

ಮೂರನೇ ದಾರಿ

ಗಾಡಿ ಗಟ್ಟಿ, ತೂಕ ಮಾತ್ರ ಹೆಚ್ಚು ಎಂದಾದರೆ ಎರಡು ದಾರಿ ಉಳಿಯುತ್ತವೆ. ಒಂದು ಸಣ್ಣ ಟ್ರೇಲರ್. ಅದರ ಲೆಕ್ಕವೂ ಪೇಲೋಡಿಗೇ ಬರುತ್ತದೆ ಎನ್ನುವುದನ್ನು ಹಲವರು ಮರೆಯುತ್ತಾರೆ. 900 ಕಿಲೋದ ಟ್ರೇಲರ್ ತನ್ನ ತೂಕದ ಹತ್ತನೇ ಒಂದು ಪಾಲು, 90 ಕಿಲೋ, ಹಿಚ್ಚಿನ ಮೇಲೆ ಕೂರಿಸಿದರೆ, ಹಿಚ್ಚು ಆಕ್ಸಲ್ಲಿನಿಂದ 1.2 ಮೀಟರ್ ಹಿಂದಿದ್ದರೆ, ಹಿಂದಿನ ಆಕ್ಸಲ್ಲಿಗೆ 126 ಕಿಲೋ. ಹಾಗಂತ ಟ್ರೇಲರಿನ ಮೂಗನ್ನು ಹಗುರ ಮಾಡಿದರೆ ಅದು ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸುತ್ತದೆ. ಕಿರಿದಾದ ದಾರಿಯಲ್ಲಿ ಹಿಂದಕ್ಕೆ ತಿರುಗಿಸುವ ಸರ್ಕಸ್ಸು ಬೇರೆ.

ಇನ್ನೊಂದು, ಇಳಿಸುವುದು. ನಾನು ಆರಿಸಿದ್ದು ಇದನ್ನು. ರೂಫ್ ಟೆಂಟು, ಅದರ ಚೌಕಟ್ಟು, ಡ್ರಾಯರು ಮೂರೂ ಹೋದವು; ಅಲ್ಲಿಗೇ 170 ಕಿಲೋ. ಎರಡನೇ ಸ್ಟೆಪ್ನಿ, ಸೀಟಿನ ಹಿಂದಿನ "ಇರಲಿ ಬಿಡು" ಸಾಮಾನು ಇಳಿಯಿತು. ಬದಲಿಗೆ ಬಂದದ್ದು ಹನ್ನೆರಡು ಕಿಲೋದ ನೆಲದ ಟೆಂಟು, ನಾಲ್ಕು ಪ್ಲಾಸ್ಟಿಕ್ ಡಬ್ಬಿ. ಮುಂದಿನ ಚೀಟಿಯಲ್ಲಿ 2,650. ಕಮಾನು ಬದಲಿಸಲಿಲ್ಲ, ಗಾಳಿಚೀಲ ಹಾಕಿಸಲಿಲ್ಲ. ಘಟ್ಟದ ತಿರುವಿನಲ್ಲಿ ಗಾಡಿ ಓಲಾಡುವುದು ನಿಂತಿತು. ಬೆಳಗ್ಗೆ ಟೆಂಟು ಮಡಚದೆಯೇ ಗಾಡಿ ತೆಗೆದುಕೊಂಡು ನೀರಿಗೆ ಹೋಗಿ ಬರಬಹುದು ಎನ್ನುವ ಸುಖ ಮೊದಲು ಗೊತ್ತೇ ಇರಲಿಲ್ಲ. ರಾತ್ರಿ ಏಣಿ ಇಳಿಯುವ ಕರ್ಮವೂ ತಪ್ಪಿತು.

ದುಡ್ಡಿನ ಬಗ್ಗೆ ನನಗಿರುವ ಅಳತೆ ಒಂದೇ. ಇದೇ ಸ್ಥಿತಿಯ, ಇಷ್ಟೇ ಓಡಿದ, ಇದೇ ಗಾಡಿ ಇವತ್ತು ಅಪರಿಚಿತರ ಅಂಗಳದಲ್ಲಿ ಮಾರಾಟಕ್ಕಿದ್ದರೆ, ರಿಪೇರಿಯ ದುಡ್ಡನ್ನೂ ಸೇರಿಸಿದ ಬೆಲೆಗೆ ಕೊಳ್ಳುತ್ತೀರಾ? ಹೌದು ಎಂದರೆ ರಿಪೇರಿ ಮಾಡಿಸಿ. ಗಾಡಿಯ ಮಾರಾಟದ ಬೆಲೆಯ ಜೊತೆ ರಿಪೇರಿ ಬಿಲ್ಲನ್ನು ಹೋಲಿಸುವುದು ಅರ್ಧ ಲೆಕ್ಕ. ಹೋಲಿಸಬೇಕಾದ್ದು ಬದಲಿ ಗಾಡಿಯ ಪೂರ್ತಿ ವೆಚ್ಚದ ಜೊತೆ, ಅದರ ವಿಮೆ, ತೆರಿಗೆ, ಸಾಲದ ಬಡ್ಡಿ ಸೇರಿಸಿ. ಅಪ್‌ಗ್ರೇಡಿನ ದುಡ್ಡು ಮಾತ್ರ ರಿಪೇರಿಯ ಸಾಲಿಗೆ ಸೇರುವುದಿಲ್ಲ. ಅದು ಮಾರುವಾಗ ಹಿಂದಿರುಗುವುದು ತೀರಾ ಕಡಿಮೆ. ಎಷ್ಟು ದೂರ ಹೋಗುತ್ತೀರಿ ಎನ್ನುವುದೂ ಮುಖ್ಯ. ಹೆದ್ದಾರಿಯ ಬದಿ ನಿಂತ ಗಾಡಿಗೆ ಒಂದು ಫೋನ್ ಕರೆ ಸಾಕು, ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಅದೇ ಹೋಸು ಒಡೆದರೆ ಎರಡು ದಿನ.

ನನ್ನ ಗಾಡಿ ಹೀಗೆ ಹಗುರಾಗಿ ಎರಡು ವರ್ಷ ಓಡಿತು. ಮೂರನೇ ವರ್ಷದ ಸುತ್ತಿಗೆ ಪರೀಕ್ಷೆಯಲ್ಲಿ ಎಡಗಡೆಯ ಹಿಂದಿನ ಕಮಾನಿನ ಕುಂಡಲದ ಪಕ್ಕ ಆ ಕಂದು ರೇಖೆ ಕಂಡಿತು. ಬಟ್ಟೆಯಿಂದ ಒರೆಸಿದೆ, ಹೋಯಿತು. ಮಾರನೆಯ ವಾರ ಮತ್ತೆ ಮೂಡಿತ್ತು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ನಾಲ್ಕು ಸೆಂಟಿಮೀಟರ್ ಉದ್ದದ ಗೀರು. ಮೊದಲ ವರ್ಷಗಳ ಓವರ್‌ಲೋಡಿನ ಬಾಕಿ ಇರಬೇಕು. ಎಂಜಿನ್ ಆಗಲೂ ಗಡಿಯಾರದಂತೆ ಓಡುತ್ತಿತ್ತು, ಆದರೂ ಕೊಟ್ಟುಬಿಟ್ಟೆ. ಕೊಂಡವರಿಗೆ ಗೀರನ್ನು ಟಾರ್ಚು ಹಿಡಿದು ತೋರಿಸಿಯೇ ಕೊಟ್ಟೆ. ಅವರಿಗೆ ಬೇಕಿದ್ದುದು ಎಂಜಿನ್ನು. ಬದಲಿಗೆ ಬಂದದ್ದು ಆರು ವರ್ಷ ಹಳೆಯ ಸರಳ ದರ್ಜೆಯ ಗಾಡಿ, ಸ್ಟೆಬಿಲಿಟಿ ಕಂಟ್ರೋಲ್ ಇರುವುದು. ಬ್ಯಾಟರಿ ಪೆಟ್ಟಿಗೆ, ಫ್ರಿಡ್ಜು, ಡಬ್ಬಿಗಳು ಒಂದೇ ಮಧ್ಯಾಹ್ನ ಅದಕ್ಕೆ ದಾಟಿದವು.

ಹಳೆಯದನ್ನು ಕೊಡುವ ಮುನ್ನ ಸಾಮಾನು ಬಿಚ್ಚುವವರಿಗೆ ಒಂದು ಸಣ್ಣ ಕೆಲಸ ಉಳಿದಿರುತ್ತದೆ. ಬೋಲ್ಟು ತೆಗೆದ ತೂತುಗಳ ಅಂಚಿಗೆ ಬಣ್ಣ ಮುಟ್ಟಿಸಿ, ರಬ್ಬರ್ ಬಿರಡೆ ಒತ್ತಿ. ಹೊಸ ಗಾಡಿಗೆ ತೂತು ಕೊರೆಯುವಾಗಲೂ ಹಾಗೆಯೇ, ಕೊರೆದ ಲೋಹದ ಪುಡಿಯನ್ನು ಅವತ್ತೇ ಗುಡಿಸಿ ತೆಗೆಯಿರಿ. ಆ ಪುಡಿ ತೊಟ್ಟಿಯ ಮೂಲೆಯಲ್ಲಿ ಕೂತರೆ ಮೊದಲ ಮಳೆಗೇ ಕಂದು ಚುಕ್ಕೆ ಬೀಳುತ್ತದೆ.